ಚಳಿಗಾಲದ ಟ್ರೌಟ್: ಮೊದಲು ಥರ್ಮಾಮೀಟರ್, ಆಮೇಲೆ ಗಾಳ

ಮಲೆನಾಡಿನಲ್ಲಿ ಬೆಳೆದವರಿಗೆ ಮೀನು ಅಂದರೆ ಮಳೆಗಾಲ. ಮೊದಲ ಮಳೆಗೆ ಹಳ್ಳ ಕೆಂಪಾಗಿ ಹರಿದಾಗ ಹತ್ತುಮೀನು ಗದ್ದೆಗೆ ಏರುತ್ತದೆ, ಹುಡುಗರು ಬುಟ್ಟಿ ಹಿಡಿದು ಓಡುತ್ತಾರೆ. ಹಾಗೆ ಬೆಳೆದವನು ಈಗ ಕೊಲರಾಡೊದಲ್ಲಿ ಕೂತು, ಜನವರಿ ತಿಂಗಳಲ್ಲಿ, ದಡದ ಮೇಲೆ ಹಿಮ ಬಿದ್ದಿರುವ ಹೊಳೆಯಲ್ಲಿ ಮೊಣಕಾಲುಮಟ್ಟ ನಿಂತು, ಅಕ್ಕಿಕಾಳಿನಷ್ಟು ಹುಕ್ಕನ್ನು ನೀರಿಗೆ ಎಸೆಯುತ್ತೇನೆ ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅಂಗಡೀಲಿ ಮೀನು ಸಿಗಲ್ವೇನೋ?" ಸಿಗುತ್ತದೆ ಅಮ್ಮ. ಹಿಡಿದದ್ದನ್ನು ವಾಪಸ್ ನೀರಿಗೇ ಬಿಟ್ಟು ಬರುತ್ತೇನೆ ಅಂತ ಹೇಳುವ ಧೈರ್ಯ ಮಾತ್ರ ಇನ್ನೂ ಬಂದಿಲ್ಲ.

ಇದು ಡೆನ್ವರ್ ಸುತ್ತಮುತ್ತ ಇರುವವರಿಗೆ, ಅಥವಾ ಚಳಿ ಇರುವ ಯಾವುದೇ ಗುಡ್ಡಗಾಡಿನ ಹೊಳೆಯ ಹತ್ತಿರ ಇರುವವರಿಗೆ ಬರೆದದ್ದು. ಬೇಸಿಗೆಯಲ್ಲಿ ಒಂದೆರಡು ಸಲ ಫ್ಲೈ ರಾಡ್ ಹಿಡಿದಿದ್ದೀರಿ ಅಂತ ಅಂದುಕೊಂಡಿದ್ದೇನೆ. ಫ್ಲೈ ಅಂದರೆ ದಾರ, ಗರಿ, ಉಣ್ಣೆ, ತಂತಿ ಸುತ್ತಿ ಹುಳದ ಹಾಗೆ ಕಾಣುವಂತೆ ಮಾಡಿದ ಹುಕ್. ಅದನ್ನು ಮನೆಯಲ್ಲೇ ಕಟ್ಟುವ ಬಗ್ಗೆಯೂ ಹೇಳುತ್ತೇನೆ. ಚಳಿಗಾಲದಲ್ಲಿ ಹೊಳೆಯಲ್ಲಿ ಇರುವುದು ದಿನಕ್ಕೆ ಮೂರೋ ನಾಲ್ಕೋ ಗಂಟೆ, ಮನೆಯಲ್ಲಿ ಸಂಜೆ ಐದಕ್ಕೇ ಕತ್ತಲೆ. ಇನ್ನೇನು ಮಾಡೋದು?

ನೀರಿನ ಬಿಸಿ ನೋಡದೆ ರಾಡ್ ಬಿಚ್ಚಬೇಡಿ

ಮೊದಲ ಚಳಿಗಾಲದಲ್ಲಿ ನಾನು ಬೆಳಗ್ಗೆ ಆರೂವರೆಗೇ ಹೊಳೆಗೆ ಹೋಗುತ್ತಿದ್ದೆ. ಬೇಸಿಗೆಯ ಅಭ್ಯಾಸ. ಹತ್ತು ಗಂಟೆಗೆ ಕಾಲು ಮರಗಟ್ಟಿ ವಾಪಸ್ ಬರುತ್ತಿದ್ದೆ. ಹೀಗೆ ಐದು ವಾರ ಒಂದೂ ಮೀನಿಲ್ಲ. ನಾನು ಹೊರಡುವ ಹೊತ್ತಿಗೆ ಒಬ್ಬರು ಅಜ್ಜ ಆರಾಮಾಗಿ ಕಾರಿಂದ ಇಳಿಯುತ್ತಿದ್ದರು, ಇಳಿದವರು ರಾಡ್ ಮುಟ್ಟುತ್ತಿರಲಿಲ್ಲ, ದಾರ ಕಟ್ಟಿದ ಥರ್ಮಾಮೀಟರ್ ಒಂದನ್ನು ನೀರಿಗೆ ಇಳಿಬಿಟ್ಟು ಬಂಡೆಯ ಮೇಲೆ ಕಾಫಿ ಕುಡಿಯುತ್ತಾ ಕೂರುತ್ತಿದ್ದರು. ಆಗ ನನಗೆ ಬುದ್ಧಿ ಬಂತು.

ಮೀನಿನ ಮೈ ಬಿಸಿ ನೀರಿನ ಬಿಸಿಯಷ್ಟೇ. ನೀರು ತಣ್ಣಗಾದಂತೆ ಅದರ ಮೈಯೊಳಗಿನ ಕೆಲಸವೆಲ್ಲ ನಿಧಾನವಾಗುತ್ತದೆ, ಹಸಿವೂ ಕಡಿಮೆಯಾಗುತ್ತದೆ. ರೇನ್‌ಬೋ ಮತ್ತು ಬ್ರೌನ್ ಟ್ರೌಟ್ ಚೆನ್ನಾಗಿ ಮೇಯುವುದು ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ. 4 ಡಿಗ್ರಿಗೆ ಬಂದರೆ ತಿನ್ನುವುದನ್ನು ಪೂರ್ತಿ ಬಿಡುವುದಿಲ್ಲ, ಆದರೆ ಊಟಕ್ಕೋಸ್ಕರ ಎದ್ದು ಹೋಗುವುದಿಲ್ಲ. ಬಾಯಿ ಮುಂದೆ ಬಂದರೆ ತಿನ್ನುತ್ತದೆ, ಒಂದು ಗೇಣು ಆಚೆ ಹೋದರೆ ಬಿಟ್ಟುಬಿಡುತ್ತದೆ. ಅದಕ್ಕೆ ಸೋಮಾರಿತನ ಅನ್ನಬೇಡಿ, ಲೆಕ್ಕಾಚಾರ ಅನ್ನಿ. ಓಡಾಡಿ ಖರ್ಚು ಮಾಡಿದ ಶಕ್ತಿ ಆ ಪುಟ್ಟ ಹುಳದಿಂದ ವಾಪಸ್ ಬರುವುದಿಲ್ಲ.

ಹಾಗಾಗಿ ಥರ್ಮಾಮೀಟರನ್ನು ಹರಿಯುವ ನೀರಿನಲ್ಲಿ, ಬಂಡೆಯ ನೆರಳಲ್ಲಿ, ಎರಡು ನಿಮಿಷ ಇಡಿ. ದಡದ ನಿಂತ ನೀರಿನಲ್ಲಿ ನೋಡಿದರೆ ತಪ್ಪು ಲೆಕ್ಕ ಬರುತ್ತದೆ. 3 ಡಿಗ್ರಿಗಿಂತ ಕಡಿಮೆ ಇದ್ದರೆ ನಾನು ಕಾರಿಗೆ ವಾಪಸ್ ಹೋಗಿ ಫ್ಲಾಸ್ಕ್ ತೆಗೆಯುತ್ತೇನೆ. 4-5 ಇದ್ದರೆ ಆಳದ ನಿಧಾನದ ನೀರಿಗೆ ಮಾತ್ರ ಗಾಳ. 6 ದಾಟಿದರೆ ಹಬ್ಬ, ಸ್ವಲ್ಪ ಓಡುವ ನೀರನ್ನೂ ನೋಡಬಹುದು. ಇನ್ನೊಂದು ಮಾತು, ಅಂಕಿಗಿಂತ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದು ಮುಖ್ಯ. 2ರಿಂದ ಮೂರೂವರೆಗೆ ಏರುತ್ತಿರುವ ನೀರು, 6ರಿಂದ 4ಕ್ಕೆ ಇಳಿಯುತ್ತಿರುವ ನೀರಿಗಿಂತ ಎಷ್ಟೋ ವಾಸಿ.

ಇದರಿಂದ ಹೊತ್ತು ತಾನಾಗಿಯೇ ಗೊತ್ತಾಗುತ್ತದೆ. ಹನ್ನೊಂದರಿಂದ ಮೂರು. ಅಷ್ಟೇ. ಬಿಸಿಲು ಕಣಿವೆಯ ಗೋಡೆ ದಾಟಿ ಕೆಳಗೆ ಇಳಿಯುವುದೇ ಹತ್ತೂವರೆಗೆ, ಮೂರಕ್ಕೆ ಮತ್ತೆ ನೆರಳು. ದಿನ ಆರಿಸುವಾಗ ಒಂದು ಬೆಚ್ಚನೆ ದಿನಕ್ಕಿಂತ ಸತತ ಮೂರು ಬೆಚ್ಚನೆ ದಿನ ಆದಮೇಲಿನ ದಿನವನ್ನು ಆರಿಸಿ. ರಾತ್ರಿ ತೀರಾ ಕೊರೆಯದಿದ್ದರೆ ಇನ್ನೂ ಒಳ್ಳೆಯದು. ಹಾಂ, ಚುರುಚುರು ಬಿಸಿಲಿದ್ದ ಮಧ್ಯಾಹ್ನ ದಡದ ಹಿಮ ಕರಗಿ ಚಿಕ್ಕ ತೊರೆಗೆ ಇಳಿದರೆ ನೀರು ಮತ್ತೆ ತಣ್ಣಗಾಗುತ್ತದೆ. ಇದು ಮೊದಲ ಸಲ ನೋಡಿದಾಗ ನನಗೆ ಥರ್ಮಾಮೀಟರೇ ಕೆಟ್ಟಿದೆ ಅನ್ನಿಸಿತ್ತು.

ಯಾವ ಹೊಳೆ?

ಗುಡ್ಡದ ಹೊಳೆಗಳಲ್ಲಿ ಎರಡು ಜಾತಿ. ಒಂದು, ತನ್ನಷ್ಟಕ್ಕೆ ಹರಿಯುವ ಹೊಳೆ. ಇಲ್ಲಿಯವರು ಫ್ರೀಸ್ಟೋನ್ ಅನ್ನುತ್ತಾರೆ. ಡೆನ್ವರ್ ಪಕ್ಕದ ಕ್ಲಿಯರ್ ಕ್ರೀಕ್ ಅಂಥದ್ದು. ಜನವರಿಯಲ್ಲಿ ಇದರ ಬಹುಭಾಗ ಹೆಪ್ಪುಗಟ್ಟಿರುತ್ತದೆ. ಇನ್ನೊಂದು, ಅಣೆಕಟ್ಟಿನ ಕೆಳಗಿನ ಹೊಳೆ, ಅಂದರೆ ಟೇಲ್‌ವಾಟರ್. ಚಳಿಗಾಲಕ್ಕೆ ನಿಮಗೆ ಬೇಕಾಗಿರುವುದು ಇದು.

ಕಾರಣ ಶಾಲೆಯಲ್ಲಿ ಓದಿದ ಪಾಠವೇ. ನೀರು ಅತಿ ಹೆಚ್ಚು ಭಾರ ಇರುವುದು 4 ಡಿಗ್ರಿಯಲ್ಲಿ. ಜಲಾಶಯದ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ 4 ಡಿಗ್ರಿಯ ಆಸುಪಾಸಿನ ನೀರು ಕೂತಿರುತ್ತದೆ. ಅಣೆಕಟ್ಟಿನ ಕೆಳಗಿನ ತೂಬಿನಿಂದ ಬಿಡುವುದು ಆ ನೀರನ್ನೇ. ಹೊರಗೆ ಮೈನಸ್ 10 ಇದ್ದರೂ ಗೋಡೆಯ ಬುಡದಲ್ಲಿ ಹೊಳೆ ಹರಿಯುತ್ತಲೇ ಇರುತ್ತದೆ, ಮೇಲೆ ಹಬೆ ಆಡುತ್ತಿರುತ್ತದೆ. ಅಲ್ಲಿಂದ ಕೆಳಕ್ಕೆ ಹೋದಷ್ಟೂ ಗಾಳಿಗೆ ಸಿಕ್ಕಿ ನೀರು ತಣ್ಣಗಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಎಲ್ಲಿ ಬೇಕಾದರೂ ನಿಲ್ಲಿ, ಚಳಿಗಾಲದಲ್ಲಿ ಅಣೆಕಟ್ಟಿಗೆ ಹತ್ತಿರ ನಿಲ್ಲಿ.

ನಾನು ಹೋಗುವುದು ಸೌತ್ ಪ್ಲಾಟ್ ನದಿಗೆ. 1905ರಲ್ಲಿ ಕಟ್ಟಿ ಮುಗಿಸಿದ ಚೀಸ್‌ಮನ್ ಅಣೆಕಟ್ಟಿನ ಕೆಳಗೆ ಚೀಸ್‌ಮನ್ ಕಣಿವೆ, ಅದರಾಚೆ ಡೆಕರ್ಸ್ ಅನ್ನುವ ಪುಟ್ಟ ಜಾಗ. ಡೆಕರ್ಸ್‌ನಲ್ಲಿ ರಸ್ತೆ ಪಕ್ಕದಲ್ಲೇ ನೀರು, ಹೊಸಬರಿಗೆ ಅದೇ ಸರಿ. ಕಣಿವೆಗೆ ಗಿಲ್ ಟ್ರೈಲ್ ಹಿಡಿದು ನಡೆಯಬೇಕು. ಚಳಿಗಾಲದಲ್ಲಿ ಆ ದಾರಿಯ ನೆರಳಿನ ತಿರುವುಗಳು ಗಾಜಿನ ಹಾಗೆ ಜಾರುತ್ತವೆ, ಬೂಟಿಗೆ ಹಾಕುವ ಮುಳ್ಳಿನ ಚೈನ್ ಇಲ್ಲದೆ ಹೋಗಬೇಡಿ. ಕಣಿವೆಯಲ್ಲಿ ಕೃತಕ ಫ್ಲೈ ಮತ್ತು ಲೂರ್ (ಲೋಹ, ಪ್ಲಾಸ್ಟಿಕ್ಕಿನ ನಕಲಿ ಎರೆ) ಮಾತ್ರ, ಹಿಡಿದ ಮೀನನ್ನು ಬಿಡಲೇಬೇಕು. 16 ವರ್ಷ ತುಂಬಿದವರಿಗೆ ರಾಜ್ಯದ ಲೈಸೆನ್ಸ್ ಬೇಕು. ಅದು ಮಾರ್ಚ್‌ನಲ್ಲಿ ಶುರುವಾಗಿ ಮುಂದಿನ ವರ್ಷದ ಮಾರ್ಚ್ ಕೊನೆಗೆ ಮುಗಿಯುತ್ತದೆ, ಆದ್ದರಿಂದ ಫೆಬ್ರುವರಿಯಲ್ಲಿ ವರ್ಷದ ಲೈಸೆನ್ಸ್ ತೆಗೆದುಕೊಂಡು ಆಮೇಲೆ ಪೇಚಾಡಬೇಡಿ.

ಊರಿಗೆ ಹೋದಾಗ ಡಿಸೆಂಬರ್ ರಜೆಯಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗಿ ಟ್ರೌಟ್ ಹಿಡಿಯೋಣ ಅಂತ ಯೋಚನೆ ಇದ್ದರೆ, ಬೇಡ. ಅಲ್ಲಿ ನವೆಂಬರ್‌ನಿಂದ ಫೆಬ್ರುವರಿ ಕೊನೆವರೆಗೆ ಟ್ರೌಟ್ ಹಿಡಿಯುವುದಕ್ಕೆ ನಿಷೇಧ, ಅದು ಮೊಟ್ಟೆಯಿಡುವ ಕಾಲ.

ಹೊರಡುವ ಮುಂಚೆ ನೀರಿನ ಹರಿವನ್ನು ನೋಡಿ. ಅಮೆರಿಕದ ಭೂವಿಜ್ಞಾನ ಇಲಾಖೆಯ ಮಾಪಕಗಳ ಅಂಕಿ ಇಂಟರ್ನೆಟ್ಟಲ್ಲಿ ಸಿಗುತ್ತದೆ. ಸೆಕೆಂಡಿಗೆ ಇಷ್ಟು ಘನ ಅಡಿ ಅಂತ ಇರುತ್ತದೆ. ಒಂದು ಘನ ಅಡಿ ಅಂದರೆ ಸುಮಾರು 28 ಲೀಟರ್. ಕಾವೇರಿ ಜಗಳದ ಸುದ್ದಿ ಓದಿದವರಿಗೆ ಕ್ಯೂಸೆಕ್ ಏನು ಅಂತ ನಾನು ಹೇಳಬೇಕಾಗಿಲ್ಲ ಬಿಡಿ. ಹರಿವು ಎರಡು ದಿನದಿಂದ ಒಂದೇ ಸಮ ಇದ್ದರೆ ಹೋಗಿ. ನಿನ್ನೆ ರಾತ್ರಿ ದಿಢೀರ್ ಏರಿದ್ದರೆ ಅಥವಾ ಇಳಿದಿದ್ದರೆ ಮನೆಯಲ್ಲೇ ಕೂತು ಫ್ಲೈ ಕಟ್ಟಿ.

ಮಂಜುಗಡ್ಡೆಯನ್ನು ಓದುವುದು

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಹೋಗುವುದು ಮೀನಲ್ಲ, ನೀವು.

ದಡದಿಂದ ನೀರಿನ ಮೇಲೆ ಚಾಚಿಕೊಂಡಿರುವ ಗಡ್ಡೆ ಅಟ್ಟದ ಹಾಗೆ. ಮೇಲಿಂದ ನೋಡಿದರೆ ಗಟ್ಟಿ ನೆಲ. ಕೆಳಗೆ ನೀರು ಕೊರೆದು ಟೊಳ್ಳಾಗಿರುತ್ತದೆ. ನನ್ನ ಎರಡನೇ ಚಳಿಗಾಲದಲ್ಲಿ ಮೀನು ಬಿಡೋಣ ಅಂತ ಅದರ ಮೇಲೆ ಮಂಡಿಯೂರಿದೆ, ಮಂಚದಷ್ಟು ಅಗಲದ ತುಂಡು ನನ್ನ ಸಮೇತ ಮುರಿದು ನೀರಿಗೆ ಇಳಿಯಿತು. ನೀರು ಸೊಂಟದಷ್ಟೇ ಇತ್ತು, ಪುಣ್ಯ. ಆದರೆ ಎದೆಗೆ ಆ ನೀರು ತಾಗಿದಾಗ ಉಸಿರು ಕಟ್ಟಿ ಬಾಯಿ ತೆರೆಯಿತಲ್ಲ, ಆ ಕ್ಷಣದಲ್ಲಿ ತಲೆ ನೀರಿನೊಳಗೆ ಇದ್ದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅಟ್ಟದ ಮೇಲೆ ನಿಲ್ಲಬೇಡಿ, ಅದರ ಕೆಳಗಿನ ಬದಿಯಲ್ಲೂ ನಿಲ್ಲಬೇಡಿ. ಮಧ್ಯಾಹ್ನದ ಹೊತ್ತಿಗೆ ದೊಡ್ಡ ತುಂಡುಗಳು ಕಳಚಿಕೊಂಡು ತೇಲಿಬರುತ್ತವೆ, ಮೊಣಕಾಲಿಗೆ ಬಡಿದರೆ ಬೀಳಿಸುತ್ತವೆ.

ಎರಡನೆಯದು ತಳದ ಗಡ್ಡೆ. ಮೋಡವಿಲ್ಲದ, ಕೊರೆಯುವ ರಾತ್ರಿ ನೀರು ಸೊನ್ನೆಗಿಂತ ಒಂದು ಕೂದಲು ಕೆಳಗೆ ಇಳಿದು, ತಳದ ಕಲ್ಲುಗಳಿಗೆ ಬಿಳಿ ಸ್ಪಂಜಿನ ಹಾಗೆ ಅಂಟಿಕೊಳ್ಳುತ್ತದೆ. ಬೆಳಗ್ಗೆ ಹೊಳೆಯ ತಳ ಹಾಲು ಚೆಲ್ಲಿದಂತೆ ಕಂಡರೆ ಅದೇ. ಬಿಸಿಲು ಬಿದ್ದಮೇಲೆ ಬಿಡಿಸಿಕೊಂಡು ಮೇಲೇಳುತ್ತದೆ, ಜೊತೆಗೆ ಜಲ್ಲಿಯನ್ನೂ ಹುಳವನ್ನೂ ಎತ್ತಿಕೊಂಡು ಬರುತ್ತದೆ. ಆಗ ಹೊಳೆತುಂಬ ಐಸ್ ಗೋಲಾ ಕಲಸಿದಂಥ ಕೆಸರು ಹರಿಯುತ್ತದೆ. ಒಂದು ಗಂಟೆ ಏನೂ ಮಾಡಲಾಗುವುದಿಲ್ಲ, ಗಾಳ ಕೆಳಗೇ ಇಳಿಯುವುದಿಲ್ಲ. ಸುಮ್ನೆ ಕಾಯಿರಿ. ಅದು ಹರಿದು ಹೋದಮೇಲೆ ನೀರು ಬಿಚ್ಚಿಕೊಳ್ಳುತ್ತದೆ, ಕೆಲವು ಸಲ ದಿನದ ಒಳ್ಳೆಯ ಹೊತ್ತು ಶುರುವಾಗುವುದೇ ಆಗ.

ಮೂರನೆಯ ಗಡ್ಡೆ ನಿಮ್ಮ ರಾಡಿನಲ್ಲಿ ದಾರ ಹಾದುಹೋಗುವ ಬಳೆಗಳಲ್ಲಿ ಕಟ್ಟುವುದು. ದಾರ ಒಳಗೆ ಬರುವಾಗ ನೀರನ್ನು ತರುತ್ತದೆ, ತುದಿಯ ಬಳೆ ಮುಚ್ಚಿಹೋಗುತ್ತದೆ. ಕೈಯಲ್ಲಿ ಕಿತ್ತು ತೆಗೆಯಬೇಡಿ, ರಾಡಿನ ತುದಿ ಪಟ್ಟನೆ ಮುರಿಯುತ್ತದೆ. ತುದಿಯನ್ನು ನೀರೊಳಗೆ ಅದ್ದಿ ಹತ್ತು ಎಣಿಸಿ, ಕರಗುತ್ತದೆ. ಬೆಳಗ್ಗೆಯೇ ಬಳೆಗಳಿಗೆ ತುಟಿಗೆ ಹಚ್ಚುವ ಬಾಮ್ ಸವರಿದರೆ ಅರ್ಧ ಗಂಟೆ ತಡೆಯುತ್ತದೆ. ದಾರವನ್ನು ಪದೇ ಪದೇ ಒಳಗೆ ಎಳೆಯದೆ, ಒಂದೇ ಅಳತೆಯ ದಾರದಲ್ಲಿ ಮೀನು ಹಿಡಿಯುವುದು ಎಲ್ಲಕ್ಕಿಂತ ಒಳ್ಳೆಯ ಔಷಧಿ.

ಮೀನು ಎಲ್ಲಿ, ಗಾಳ ಹೇಗೆ

ಬೇಸಿಗೆಯಲ್ಲಿ ನೊರೆಯೇಳುವ ಓಟದ ನೀರಿನಲ್ಲಿದ್ದ ಮೀನು ಈಗ ಮಡುವಿಗೆ ಇಳಿದಿರುತ್ತದೆ. ಎಲ್ಲ ಮಡುವೂ ಅಲ್ಲ. ಮೇಲಿಂದ ಊಟ ತರುವಷ್ಟು ಸೆಳವು ಇರಬೇಕು, ಆದರೆ ಈಜುವ ಶ್ರಮ ಇರಬಾರದು. ನನ್ನ ಅಳತೆ ಇದು: ಊಟವಾದ ಮೇಲೆ ನೀವು ಅಡ್ಡಾಡುವ ವೇಗಕ್ಕಿಂತ ನಿಧಾನವಾಗಿ ಹರಿಯುವ, ಸೊಂಟದಷ್ಟು ಆಳದ ನೀರು. ಓಡುವ ನೀರು ನಿಧಾನದ ನೀರಿಗೆ ಸೇರುವ ಗೆರೆಯ ಒಳಬದಿ ನೋಡಿ. ಒಂದು ಸಿಕ್ಕರೆ ಕದಲಬೇಡಿ, ಚಳಿಗಾಲದಲ್ಲಿ ಅವು ಗುಂಪಾಗಿ ನಿಲ್ಲುತ್ತವೆ.

ಜಲ್ಲಿಯ ತಳದಲ್ಲಿ ಚಾಪೆಯಷ್ಟು ಜಾಗ ಮಾತ್ರ ಉಜ್ಜಿ ತೊಳೆದ ಹಾಗೆ ಬೆಳ್ಳಗೆ ಕಂಡರೆ ಅಲ್ಲಿ ಕಾಲಿಡಬೇಡಿ. ಬ್ರೌನ್ ಟ್ರೌಟ್ ಶರತ್ಕಾಲದಲ್ಲಿ ಮೊಟ್ಟೆ ಹೂತಿಟ್ಟ ಗೂಡು ಅದು. ಚಳಿಗಾಲವಿಡೀ ಮೊಟ್ಟೆ ಒಳಗೇ ಇರುತ್ತದೆ. ಒಂದು ಬೂಟು ಸಾಕು, ನೂರಾರು ಮೊಟ್ಟೆ ಹೋದವು.

ಊಟದ ಪಟ್ಟಿ ಈಗ ಚಿಕ್ಕದು. ಮಿಡ್ಜ್ ಅನ್ನುವ ಗುಂಗುರಿನಂಥ ನೊಣದ ಮರಿಹುಳ ಮತ್ತು ಕೋಶ, ಅದೇ ಅನ್ನ ಸಾರು. ಫೆಬ್ರುವರಿ ಕೊನೆ, ಮಾರ್ಚ್ ಹೊತ್ತಿಗೆ ಮೋಡದ ದಿನಗಳಲ್ಲಿ ಬ್ಲೂ ವಿಂಗ್ಡ್ ಆಲಿವ್ ಅನ್ನುವ ಬೂದುರೆಕ್ಕೆಯ ಹುಳ ಏಳುತ್ತದೆ. ಅಲ್ಲಿಯವರೆಗೆ 18ರಿಂದ 24ರವರೆಗಿನ ಹುಕ್. ಅಂಕಿ ದೊಡ್ಡದಾದಷ್ಟೂ ಹುಕ್ ಚಿಕ್ಕದು ಅನ್ನುವುದು ನೆನಪಿರಲಿ. 20 ಅಂದರೆ ಸೋನಾ ಮಸೂರಿ ಕಾಳಿನಷ್ಟು.

9 ಅಡಿಯ, 4 ಅಥವಾ 5 ತೂಕದ ರಾಡ್ (ಈ ಅಂಕಿ ರಾಡಿಗೆ ಹೊಂದುವ ದಾರದ ಅಳತೆ, ಕಿಲೋ ಅಲ್ಲ). ದಪ್ಪ ದಾರದ ತುದಿಗೆ 9 ಅಡಿ ಲೀಡರ್, ಅಂದರೆ ತೆಳ್ಳನೆಯ ಎಳೆ, ಅದರ ತುದಿಗೆ ಇನ್ನೂ ತೆಳ್ಳನೆಯ 5ಎಕ್ಸ್ ಟಿಪ್ಪೆಟ್, ಮೊದಲ ಫ್ಲೈ. ಅದರ ಬಾಗಿಗೆ ಒಂದು ಮೊಳ 6ಎಕ್ಸ್ ಕಟ್ಟಿ ಎರಡನೇ ಫ್ಲೈ. ಈ ಎಕ್ಸ್ ಲೆಕ್ಕ ಸುಲಭ. 11ರಿಂದ ಕಳೆಯಿರಿ, ಬಂದದ್ದು ಎಳೆಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ. 6ಎಕ್ಸ್ ಅಂದರೆ ಇಂಚಿನ 5 ಸಾವಿರಾಂಶ, 0.127 ಮಿಲಿಮೀಟರ್. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ, ಒಣ ಗಂಟು ಉಜ್ಜಿಕೊಂಡು ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಮೊದಲ ಫ್ಲೈಗಿಂತ ಒಂದು ಗೇಣು ಮೇಲೆ ತವರದ ಚಿಕ್ಕ ಗುಂಡು. ಅದರ ಮೇಲೆ, ನೀರಿನ ಆಳದ ಒಂದೂವರೆ ಪಟ್ಟು ದೂರದಲ್ಲಿ ಇಂಡಿಕೇಟರ್. ಊರಲ್ಲಿ ಗಾಳಕ್ಕೆ ಕಟ್ಟುತ್ತಿದ್ದ ಬೆಂಡೇ, ಬೇರೇನಲ್ಲ.

ಹೊಳೆ ಹರಿದು ಬರುವ ಕಡೆಗೆ ಎಸೆಯಿರಿ, ಬೆಂಡು ನೊರೆಯ ಗುಳ್ಳೆಯಷ್ಟೇ ವೇಗದಲ್ಲಿ ಬರಬೇಕು. ಗುಳ್ಳೆಗಿಂತ ಮುಂದೆ ಓಡಿದರೆ ದಾರ ಎಳೆಯುತ್ತಿದೆ ಅಂತ ಅರ್ಥ, ದಾರವನ್ನು ಎತ್ತಿ ಮೇಲಿನ ಬದಿಗೆ ಹಾಕಿ. ಮೂರು ನಾಲ್ಕು ಸಲಕ್ಕೊಮ್ಮೆ ಗಾಳ ತಳ ಸವರಬೇಕು. ಸವರದಿದ್ದರೆ ಫ್ಲೈ ಬದಲಿಸುವ ಬದಲು ಇನ್ನೊಂದು ಗುಂಡು ಹಾಕಿ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಫ್ಲೈಯದಲ್ಲ, ಆಳದ್ದು. ಚಳಿಗಾಲದ ಮೀನು ಬೆಂಡನ್ನು ಮುಳುಗಿಸುವುದಿಲ್ಲ. ಬೆಂಡು ಅರೆಕ್ಷಣ ನಿಂತ ಹಾಗಾಗುತ್ತದೆ, ಅಷ್ಟೇ. ಅನುಮಾನ ಬಂದರೆ ಮೆಲ್ಲಗೆ ಎತ್ತಿ. ಜೋರಾಗಿ ಎಳೆದರೆ 6ಎಕ್ಸ್ ಹೋಯಿತು ಅಂದುಕೊಳ್ಳಿ.

ಮೀನು ಬಲೆಗೆ ಬಂದಮೇಲೆ ಬಲೆಯನ್ನು ನೀರಲ್ಲೇ ಇಡಿ. ಗಾಳಿ ಮೈನಸ್‌ನಲ್ಲಿ ಇದ್ದರೆ ತೆಳ್ಳನೆಯ ಕಿವಿರು ಮತ್ತು ಕಣ್ಣಿಗೆ ಬೇಗ ಪೆಟ್ಟಾಗುತ್ತದೆ. ಗ್ಲೌಸ್ ತೆಗೆದು, ಕೈ ಒದ್ದೆ ಮಾಡಿ ಹುಕ್ ಬಿಡಿಸಿ. ಫೋಟೊ ಬೇಕೇಬೇಕು ಅಂದರೆ ನೀರಲ್ಲಿರುವಾಗಲೇ ತೆಗೆಯಿರಿ. ಇಲ್ಲದಿದ್ದರೂ ನಡೆಯುತ್ತದೆ.

ಮೈ ಬೆಚ್ಚಗಿಡುವುದು

ಕಾಲಿಗೆ ಎರಡು ಜೊತೆ ದಪ್ಪ ಸಾಕ್ಸ್ ತುರುಕಿ ಬೂಟು ಹಾಕಿದರೆ ಇನ್ನೂ ಬೇಗ ಮರಗಟ್ಟುತ್ತದೆ, ರಕ್ತ ಓಡಬೇಕಲ್ಲ. ಒಂದು ತೆಳ್ಳನೆಯದು, ಒಂದು ಉಣ್ಣೆಯದು, ಬೆರಳು ಆಡಿಸುವಷ್ಟು ಜಾಗ. ಹತ್ತಿ ಬಟ್ಟೆ ಒಳಗೆ ಬೇಡವೇ ಬೇಡ. ಫೆಲ್ಟ್ (ಒತ್ತಿದ ಉಣ್ಣೆಯಂಥ ಬಟ್ಟೆ) ತಳದ ಬೂಟನ್ನು ಮನೆಯಲ್ಲೇ ಬಿಡಿ. ಹಿಮದ ಮೇಲೆ ನಡೆದರೆ ಅದಕ್ಕೆ ಹಿಮ ಅಂಟುತ್ತಾ ಅಂಟುತ್ತಾ ಹತ್ತು ಹೆಜ್ಜೆಗೆ ತೆಂಗಿನಕಾಯಿ ಮೇಲೆ ನಿಂತ ಹಾಗಾಗುತ್ತದೆ. ಮೊಳೆ ಹಾಕಿದ ರಬ್ಬರ್ ತಳ ಸರಿ. ವೇಡರ್, ಅಂದರೆ ನೀರಿಗಿಳಿಯಲು ಹಾಕುವ ನೀರು ಹೋಗದ ಉಡುಪು, ಅದರ ಮೇಲೆ ಬೆಲ್ಟ್ ಬಿಗಿಯಾಗಿರಲಿ, ಬಿದ್ದರೆ ನೀರು ಒಳಗೆ ತುಂಬುವುದನ್ನು ತಡೆಯುವುದು ಅದೇ. ಕಾರಿನಲ್ಲಿ ಇನ್ನೊಂದು ಜೊತೆ ಬಟ್ಟೆ, ಟವೆಲ್. ಜೊತೆಗಾರನ ಮಾತು ತೊದಲಿದರೆ, ಗಂಟು ಹಾಕಲು ಬೆರಳು ಕೇಳದಿದ್ದರೆ, ಸುಮ್ಮನೆ ಎಡವುತ್ತಿದ್ದರೆ, ಅವನು "ಏನಿಲ್ಲ ಮಾರಾಯ" ಅಂದರೂ ಕೇಳದೆ ಕಾರಿಗೆ ಕರೆದುಕೊಂಡು ಹೋಗಿ.

ಫ್ಲೈ ಕಟ್ಟುವ ಸಾಮಾನು

ನಾನು ಮೊದಲು ಆನ್‌ಲೈನಿನಲ್ಲಿ ಮೂವತ್ತು ತುಣುಕಿನ ಅಗ್ಗದ ಕಿಟ್ ತರಿಸಿದೆ. ವೈಸ್ ಹುಕ್ಕನ್ನು ಹಿಡಿಯುತ್ತಿರಲಿಲ್ಲ, ಕತ್ತರಿ ದಾರವನ್ನು ಕತ್ತರಿಸುವ ಬದಲು ಮಡಚುತ್ತಿತ್ತು, ಬಣ್ಣಬಣ್ಣದ ಗರಿಗಳಲ್ಲಿ ಒಂದನ್ನೂ ಇವತ್ತಿಗೂ ಬಳಸಿಲ್ಲ. ಮಗಳು ಅದರಲ್ಲಿ ಗ್ರೀಟಿಂಗ್ ಕಾರ್ಡ್ ಮಾಡಿದಳು. ಹಾಗಾಗಿ ಕಿಟ್ ಬೇಡ, ಬಿಡಿಬಿಡಿಯಾಗಿ ಐದು ಸಾಮಾನು ತೆಗೆದುಕೊಳ್ಳಿ.

ವೈಸ್: ಹುಕ್ ಹಿಡಿಯುವ ಇಕ್ಕಳ. ದುಡ್ಡು ಹಾಕುವುದಾದರೆ ಇದಕ್ಕೆ ಹಾಕಿ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: 20ರ ಹುಕ್ ಸಿಕ್ಕಿಸಿ ಹೆಬ್ಬೆರಳಿನಿಂದ ಕೆಳಗೆ ಒತ್ತಿ, ಹುಕ್ ಬಾಗಿ ಮೇಲೆ ಬರಬೇಕು, ದವಡೆಯಲ್ಲಿ ಜಾರಬಾರದು. ಚಿಕ್ಕ ಹುಕ್ಕಿಗೆ ದವಡೆಯ ತುದಿ ಚೂಪಾಗಿರಬೇಕು, ಇಲ್ಲದಿದ್ದರೆ ಬೆರಳು ಆಡಿಸಲು ಜಾಗವೇ ಇರುವುದಿಲ್ಲ. ತಿರುಗುವ ವೈಸ್ ಇದ್ದರೆ ಆಚೆ ಬದಿ ನೋಡಲು ಅನುಕೂಲ, ಶುರುವಿಗೆ ಕಡ್ಡಾಯವಲ್ಲ. ಮೇಜಿಗೆ ಕಚ್ಚಿಸುವುದೋ ಭಾರದ ಬುಡ ಇರುವುದೋ ಅನ್ನುವುದನ್ನು ನಿಮ್ಮ ಮೇಜು ನೋಡಿಕೊಂಡು ಆರಿಸಿ. ನಮ್ಮ ಮನೆಯಲ್ಲಿ ಊಟದ ಮೇಜಿಗೆ ಕಚ್ಚಿಸಲು ಪರ್ಮಿಷನ್ ಸಿಗಲಿಲ್ಲ.

ಬಾಬಿನ್: ದಾರದ ಉರುಳೆ ಹಿಡಿಯುವ ಕಡ್ಡಿ, ಮೂಗಿನಲ್ಲಿ ಕೊಳವೆ. ಕೊಳವೆ ಸಿರಾಮಿಕ್ ಆಗಿರಲಿ. ಅಗ್ಗದ ಲೋಹದ ಕೊಳವೆಯ ಅಂಚು ದಾರವನ್ನು ಕೊಯ್ಯುತ್ತದೆ, ಮುಕ್ಕಾಲು ಫ್ಲೈ ಆದಮೇಲೆ ಪಟ್ಟನೆ ಹೋಗುತ್ತದೆ, ಬೈಯಲು ಯಾರೂ ಇರುವುದಿಲ್ಲ. ಬಾಬಿನ್ ತನ್ನ ಭಾರಕ್ಕೆ ತೂಗಾಡಬೇಕು, ಆದರೆ ಬಿಚ್ಚಿಕೊಳ್ಳಬಾರದು. ಮೆಲ್ಲಗೆ ಎಳೆದರೆ ದಾರ ಕೊಡಬೇಕು. ಬಿಗಿ ಜಾಸ್ತಿ ಇದ್ದರೆ ಅದರ ಎರಡು ಕಾಲನ್ನು ಸ್ವಲ್ಪ ಅಗಲಿಸಿ.

ಕತ್ತರಿ: ತುದಿ ಸೂಜಿಯಂತೆ ಇರುವುದು ಒಂದು, ದಾರ ಮತ್ತು ಗರಿಗೆ ಮಾತ್ರ. ತಂತಿಗೆ ಹಳೆಯ ಕತ್ತರಿ. ಒಳ್ಳೆಯ ಕತ್ತರಿಯಲ್ಲಿ ಒಮ್ಮೆ ತಂತಿ ಕತ್ತರಿಸಿದರೆ ಅದು ಹಳೆಯ ಕತ್ತರಿಯೇ ಆಯಿತು.

ವಿಪ್ ಫಿನಿಷರ್: ಕೊನೆಯ ಗಂಟು ಹಾಕುವ ಬಾಗಿದ ತಂತಿ. ಮ್ಯಾಟರೆಲ್ಲಿ ಮಾದರಿಯದು ತೆಗೆದುಕೊಳ್ಳಿ. ಬಳಸುವುದು ಹೇಗೆ ಅಂತ ಕೆಳಗೆ ಹೇಳುತ್ತೇನೆ.

ಬಾಡ್ಕಿನ್: ಹಿಡಿ ಇರುವ ದಬ್ಬಣ. ಅಂಟಿನ ಹನಿ ಇಡಲು, ಹುಕ್ಕಿನ ಕಣ್ಣಿನಿಂದ ಅಂಟು ತೆಗೆಯಲು. ಕೊಳ್ಳಬೇಡಿ, ಬಾಟಲಿಯ ಕಾರ್ಕಿಗೆ ದಪ್ಪ ಸೂಜಿ ಚುಚ್ಚಿದರೆ ಮುಗಿಯಿತು.

ಗರಿ ಹಿಡಿಯುವ ಹ್ಯಾಕಲ್ ಪ್ಲೈಯರ್, ಜಿಂಕೆಕೂದಲು ಸಮ ಮಾಡುವ ಸ್ಟ್ಯಾಕರ್ ಎಲ್ಲ ಬೇಸಿಗೆಯ ಫ್ಲೈಗೆ, ಈಗ ಬೇಡ. ಅದರ ಬದಲು ಒಂದು ಒಳ್ಳೆಯ ಟೇಬಲ್ ಲ್ಯಾಂಪ್. ನಲವತ್ತು ದಾಟಿದ್ದರೆ ಓದುವ ಕನ್ನಡಕ, ನಾಚಿಕೆ ಬೇಡ.

ದಾರದ ದಪ್ಪವನ್ನು ಡೆನಿಯರ್‌ನಲ್ಲಿ ಹೇಳುತ್ತಾರೆ. ರಾಮನಗರದ ರೇಷ್ಮೆ ರೀಲರ್‌ಗಳು ಹೇಳುವ ಅದೇ ಡೆನಿಯರ್: 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು. 70 ಡೆನಿಯರ್ ಕಪ್ಪು ದಾರ ಒಂದು ಉರುಳೆ ತನ್ನಿ, ಇಡೀ ಚಳಿಗಾಲಕ್ಕೆ ಸಾಕು. 22ಕ್ಕಿಂತ ಚಿಕ್ಕ ಹುಕ್ಕಿಗೆ ಇಳಿದರೆ ಆಗ 50ರದ್ದು.

ಗರಿಯ ಬಗ್ಗೆ ಒಂದು ಎಚ್ಚರಿಕೆ. ನವಿಲುಗರಿಯ ಎಳೆ ಫ್ಲೈಗೆ ಬಹಳ ಬೇಕಾದ ವಸ್ತು, ಊರಿನ ಮನೆಯಲ್ಲಿ ಹೂದಾನಿಯಲ್ಲಿ ಇರುತ್ತದೆ, ಸೂಟ್‌ಕೇಸಿಗೆ ಹಾಕಿಕೊಳ್ಳೋಣ ಅನ್ನಿಸುತ್ತದೆ. ಬೇಡ, ಭಾರತದಿಂದ ಅದರ ರಫ್ತಿಗೆ ನಿಷೇಧ ಇದೆ. ನಮ್ಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿ, ಮೇಣದ ಹನಿ ಬಿದ್ದಂತೆ ಹೊಳೆಯುವ ಚುಕ್ಕಿ ಇರುವುದು, ಸಾಲ್ಮನ್ ಫ್ಲೈ ಕಟ್ಟುವವರಿಗೆ ಚಿನ್ನದ ಸಮ. ಆ ಹಕ್ಕಿಗೂ ಕಾನೂನಿನ ರಕ್ಷಣೆ ಇದೆ. ಬೆಳಗಿನ ಜಾವ ತೋಟದ ಅಂಚಿನಲ್ಲಿ ಕೂಗುವುದನ್ನು ಕೇಳಿ ಬೆಳೆದ ಹಕ್ಕಿಯ ಹೆಸರನ್ನು ಡೆನ್ವರ್‌ನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಓದಿದಾಗ ಒಂದು ಥರಾ ಆಗಿತ್ತು.

ಒಂದು ಜೀಬ್ರಾ ಮಿಡ್ಜ್ ಕಟ್ಟೋಣ

ಮೇಲೆ ಹೇಳಿದ ಮಿಡ್ಜ್ ಹುಳದ ನಕಲು ಇದು. ದಾರ, ತಂತಿ, ಮಣಿ. ಮೂರೇ ವಸ್ತು. ಚಳಿಗಾಲದಲ್ಲಿ ನನ್ನ ಪೆಟ್ಟಿಗೆಯಲ್ಲಿ ಮುಕ್ಕಾಲು ಪಾಲು ಇದೇ ಇರುತ್ತದೆ.

ಟೀಮ್‌ಕೋ 2488ನಂಥ ಬಾಗಿದ ಹುಕ್, 20ರ ಅಳತೆ. ಮೊದಲು ಇಕ್ಕಳದಲ್ಲಿ ಅದರ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿ. ಮುರಿಯುವುದಿದ್ದರೆ ಈಗಲೇ ಮುರಿಯಲಿ, ಫ್ಲೈ ಕಟ್ಟಿದ ಮೇಲೆ ಮುರಿದರೆ ಹೊಟ್ಟೆ ಉರಿಯುತ್ತದೆ. ಒಂದೂವರೆ ಮಿಲಿಮೀಟರ್ ಬೆಳ್ಳಿ ಬಣ್ಣದ ಮಣಿಯನ್ನು ಹುಕ್ಕಿನ ಮೊನೆಯಿಂದ ಏರಿಸಿ, ಚಿಕ್ಕ ತೂತು ಕಣ್ಣಿನ ಕಡೆ ಬರಬೇಕು. ಮಣಿ ಬೆರಳಿಂದ ಉರುಳಿ ಹೋದರೆ ಹುಡುಕಬೇಡಿ, ಸಿಗುವುದಿಲ್ಲ. ಬಾಡ್ಕಿನ್ ತುದಿಗೆ ಸ್ವಲ್ಪ ಮೇಣ ಹಚ್ಚಿ ಮಣಿ ಎತ್ತುವುದು ಸುಲಭ.

ವೈಸಿನಲ್ಲಿ ಹುಕ್ ಸಿಕ್ಕಿಸಿ. ಮಣಿಯ ಹಿಂದೆ ದಾರ ಇಟ್ಟು, ದಾರದ ಮೇಲೇ ದಾರ ಐದಾರು ಸುತ್ತು ಹಾಕಿ ಬಿಗಿ ಮಾಡಿ, ಉಳಿದ ತುದಿ ಕತ್ತರಿಸಿ. ಈಗ ತೆಳ್ಳನೆಯ ಬೆಳ್ಳಿ ತಂತಿಯ ತುದಿಯನ್ನು ಮಣಿಯ ತೂತಿನೊಳಗೆ ಸಿಕ್ಕಿಸಿ, ಹುಕ್ಕಿನ ಆಚೆ ಬದಿಯಲ್ಲಿ ಮಲಗಿಸಿ, ಅದರ ಮೇಲೆ ದಾರ ಸುತ್ತುತ್ತಾ ಬಾಗಿನ ಅರ್ಧದವರೆಗೆ ಹೋಗಿ. ಸುತ್ತುಗಳು ಒತ್ತೊತ್ತಾಗಿ ಇರಲಿ, ಒಂದರ ಮೇಲೊಂದು ಏರಬಾರದು.

ವಾಪಸ್ ಬರುವ ಮುಂಚೆ ಒಂದು ಕೆಲಸ. ಬಾಬಿನ್ನನ್ನು ತೂಗಬಿಟ್ಟು, ಮೇಲಿಂದ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸಿ. ಹುರಿ ಬಿಚ್ಚಿ ದಾರ ಪಟ್ಟಿಯಂತೆ ಚಪ್ಪಟೆಯಾಗುತ್ತದೆ. ಈ ಚಪ್ಪಟೆ ದಾರದಲ್ಲಿ ಮಣಿಯವರೆಗೆ ಸುತ್ತಿ ಬನ್ನಿ. ಹಿಂದೆ ಸಣ್ಣ, ಮುಂದೆ ಬರುತ್ತಾ ಕೊಂಚ ದಪ್ಪ. ಕೊಂಚ ಅಂದರೆ ಕೊಂಚವೇ. ಮಿಡ್ಜ್ ಸಪೂರ ಹುಳ, ಹೊಸಬರ ಫ್ಲೈ ಎಲ್ಲ ಕಡಲೆಬೀಜದ ಹಾಗಿರುತ್ತದೆ. ನನ್ನದೂ ಹಾಗೇ ಇತ್ತು.

ಇನ್ನು ತಂತಿಯನ್ನು ದಾರದ ವಿರುದ್ಧ ದಿಕ್ಕಿಗೆ, ಸಮ ಅಂತರದಲ್ಲಿ ಐದಾರು ಸುತ್ತು ಹಾಕಿ ಮಣಿಯವರೆಗೆ ತನ್ನಿ. ಒಂದೇ ದಿಕ್ಕಿಗೆ ಸುತ್ತಿದರೆ ತಂತಿ ದಾರದ ಸಂದಿಗೆ ಹೂತುಹೋಗಿ ಪಟ್ಟೆ ಕಾಣುವುದಿಲ್ಲ. ಮೂರು ಸುತ್ತು ದಾರದಿಂದ ತಂತಿಯನ್ನು ಕಟ್ಟಿ, ತಂತಿಯನ್ನು ಕತ್ತರಿಸದೆ ಗರಗರ ತಿರುಗಿಸಿ, ಬುಡಕ್ಕೇ ಮುರಿದು ಬರುತ್ತದೆ.

ಕೊನೆಯ ಗಂಟು. ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ದಾರ ಹೊರಗೆಳೆಯಿರಿ. ವಿಪ್ ಫಿನಿಷರಿನ ಕೊಕ್ಕೆಗೆ ದಾರ ಸಿಕ್ಕಿಸಿ, ಅದರ ಮೊಣಕೈಯ ಬಾಗಿನ ಹಿಂದಿನಿಂದ ದಾರ ತಂದು ಬಾಬಿನ್ನನ್ನು ಹುಕ್ಕಿನ ಮಟ್ಟಕ್ಕೆ ಎತ್ತಿ. ದಾರ 4ರ ಅಂಕಿಯಂತೆ ಕಂಡರೆ ಸರಿಯಿದೆ. ಕೊಕ್ಕೆಯನ್ನು ಮಣಿಯ ಹಿಂದಕ್ಕೆ ತಂದು, ಹಿಡಿಯನ್ನು ಹುಕ್ಕಿನ ಸುತ್ತ ತಿರುಗಿಸಿ. ಅಡ್ಡ ಎಳೆಯ ಮೇಲೆ ಉದ್ದ ಎಳೆ ಸುತ್ತಿಕೊಳ್ಳುತ್ತದೆ. ನಾಲ್ಕೈದು ಸುತ್ತು. ಮೊದಲು ಮೊಣಕೈಯಿಂದ ದಾರ ಬಿಡಿಸಿ, ಬಾಬಿನ್ ಎಳೆಯಿರಿ, ಕುಣಿಕೆ ಚಿಕ್ಕದಾಗುತ್ತಾ ಬಂದು ಗಂಟಿನ ಹತ್ತಿರ ಕೂತಾಗ ಕೊಕ್ಕೆ ಬಿಡಿ.

ಇದು ನನಗೆ ಎರಡು ವಾರ ಬರಲಿಲ್ಲ. ಕೊನೆಗೆ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವಳು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವವಳು. ಸ್ವಲ್ಪ ಹೊತ್ತು ನೋಡಿ, "ಆ ತಂತಿ ಯಾಕೆ, ಎರಡು ಬೆರಳು ಇಲ್ವಾ ನಿಂಗೆ?" ಅಂದಳು. ತೋರುಬೆರಳು, ನಡುಬೆರಳಿಗೆ ದಾರ ಹಾಕಿ, ಕೈ ಮಗುಚಿ, ನಾರಿನ ಕುಣಿಕೆಯೊಳಗೆ ಹೂವಿನ ತೊಟ್ಟು ತೂರಿಸುವ ಅದೇ ತಿರುವು. ಹುಕ್ಕಿನ ಗಂಟನ್ನು ಬೆರಳಲ್ಲೇ ಹಾಕುವವರು ಇಲ್ಲೂ ಇದ್ದಾರೆ. ಈಗ ನಾನು 18ರವರೆಗೆ ಬೆರಳಲ್ಲೇ ಹಾಕುತ್ತೇನೆ, ಅದಕ್ಕಿಂತ ಚಿಕ್ಕದಕ್ಕೆ ತಂತಿ.

ಒಂದೇ ಫ್ಲೈಯನ್ನು ಹನ್ನೆರಡು ಸಲ ಕಟ್ಟಿ, ಬೇರೆ ಬೇರೆ ಹನ್ನೆರಡು ಬೇಡ. ಮೊದಲ ಮೂರನ್ನು ಬ್ಲೇಡಿನಿಂದ ಕೊಯ್ದು ಹುಕ್ ವಾಪಸ್ ತೆಗೆದುಕೊಳ್ಳಿ. ಕಪ್ಪಾದಮೇಲೆ ಕೆಂಪು, ಆಮೇಲೆ ಆಲಿವ್. ಅದಾದಮೇಲೆ ಆರ್‌ಎಸ್2 ಅನ್ನುವ ಫ್ಲೈ ಕಡೆ ಹೋಗಬಹುದು. ಅದನ್ನು ಕಂಡುಹಿಡಿದ ರಿಮ್ ಚಂಗ್ ಇದೇ ಸೌತ್ ಪ್ಲಾಟ್‌ನ ಗಾಳಗಾರ. ಬಾಲಕ್ಕೆ ಎರಡು ಎಳೆ, ಬೂದು ಮೈ, ಒಂದು ಪುಟ್ಟ ರೆಕ್ಕೆ, ಅಷ್ಟರಲ್ಲೇ ಬೂದುರೆಕ್ಕೆಯ ಹುಳವನ್ನು ತೋರಿಸಿಬಿಡುತ್ತದೆ.

ಮನೆಗೆ ಬಂದಮೇಲೆ

ಬೂಟಿನ ತಳದ ಮಣ್ಣು ಉಜ್ಜಿ ತೆಗೆದು, ರಾತ್ರಿ ಹೊರಗೆ ಹಿಮದಲ್ಲೇ ಇಡಿ. ನ್ಯೂಜಿಲೆಂಡಿನ ಮಡ್ ಸ್ನೇಲ್ ಅನ್ನುವ ಸಾಸಿವೆಕಾಳಿನಷ್ಟು ಬಸವನಹುಳ ಬೂಟಿಗೆ ಅಂಟಿಕೊಂಡು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುತ್ತದೆ, ರಾತ್ರಿಯಿಡೀ ಚೆನ್ನಾಗಿ ಹೆಪ್ಪುಗಟ್ಟಿದರೆ ಸಾಯುತ್ತದೆ. ಹೊರಗೆ ಅಷ್ಟು ಚಳಿ ಇಲ್ಲದಿದ್ದರೆ ಫ್ರೀಜರ್. ಅಲ್ಲಿ ಇಡ್ಲಿ ಹಿಟ್ಟಿನ ಪಕ್ಕ ಬೂಟು ಇಡಲು ಮನೆಯವರನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು, ದೊಡ್ಡ ಪ್ಲಾಸ್ಟಿಕ್ ಚೀಲ ಹಾಕಿ. ಬೆಳಗ್ಗೆ ಲೇಸ್ ಕಲ್ಲಾಗಿರುತ್ತದೆ, ಎಳೆಯಬೇಡಿ, ಬಿಸಿನೀರು ಹೊಯ್ಯಿರಿ. ಫ್ಲೈ ಪೆಟ್ಟಿಗೆಯನ್ನು ಮುಚ್ಚಿ ಇಟ್ಟು ಮಲಗಬೇಡಿ. ರಾತ್ರಿ ಕೂತು ಕಟ್ಟಿದ ಹನ್ನೆರಡಕ್ಕೂ ತುಕ್ಕು ಹಿಡಿಯುತ್ತದೆ. ತೆರೆದು ಹೀಟರಿನ ಹತ್ತಿರ ಇಡಿ, ಬೆಕ್ಕು ಇದ್ದರೆ ಸ್ವಲ್ಪ ಎತ್ತರದಲ್ಲಿ.